ಜರ್ಮನ್ ಬೂಟು ಖರೇ ಯುದ್ಧದ್ದೋ, ಆಮ್ಯಾಲಿಂದೋ?

ತೊಗರಿ_ಹುಡುಗ (ಕಲಬುರಗಿ):
ಅಣ್ಣೋರ ಒಂದ್ ಡೌಟ್ ಅದ. ಹೈದ್ರಾಬಾದಿನವ್ರೊಬ್ರು ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಉದ್ದ ಬೂಟು ಮಾರ್ಲತ್ತಾರ, ಅವರ ಅಜ್ಜ ಇಟಲಿಗಿ ಲಡಾಯಿಗಿ ಹೋದಾಗ ತಂದಿದ್ರಂತ, 28 ಸಾವಿರ ಕೇಳ್ಲತ್ತಾರ. ಒಳಗ 1942 ಅಂತ ಛಾಪ ಅದ ಆದ್ರ ಅಡಿ ರಬ್ಬರಿಂದು. ನಾ ಇಲ್ಲೀತನ ಬಕಲ್, ನೀರಿನ ಬಾಟ್ಲಿ ಅಷ್ಟೇ ಕೂಡಿಸೀನಿ. ತಗೋಬಹುದಾ?

ಲಾಟೀನ್_ಕಾಕಾ (ಬೀದರ):
ತಮ್ಮಾ ರೊಕ್ಕ ಕಿಸೇದಾಗೇ ಇರ್ಲಿ. ಆಗಿನ ಬೂಟಿಗಿ ತೊಗಲಿನ ಅಡಿ, ಅದಕ್ಕ 35-40 ದಪ್ಪ ತಲಿ ಮೊಳಿ ಬಡದಿರ್ತಾರ, ಹಿಂಬಡಕ್ಕ ಎತ್ತಿನ ಲಾಳ ಇರ್ತದಲ್ಲ ಹಂಗ ಕಬ್ಬಿಣದ ಪಟ್ಟಿ. ರಬ್ಬರ್ ಅಡಿದು ಬಂದ್ರ 1955ರಾಗ ಕಟ್ಟಿದ ಪಶ್ಚಿಮ ಜರ್ಮನಿ ಸೈನ್ಯದ್ದು ಇರೋ ಚಾನ್ಸೇ ಜಾಸ್ತಿ, ನೋಡ್ಲಾಕ ಹಂಗೇ ಕಾಣ್ತಾವ, ಮಂದಿ ಅಲ್ಲೇ ಬೀಳೋದು. ಛಾಪ ಏನು, ನಾಳಿ ನಾನೂ ಹೊಡೀತೀನಿ.

ಭೀಮಾ_ದಂಡಿ (ಯಾದಗಿರಿ):
ಅಡಿ ಸವದಮ್ಯಾಲ ಯಾರರ ರಬ್ಬರ್ ಹಾಕ್ಸಿರ್ಬಹುದಲ್ರಿ ಕಾಕಾ? ಮತ್ತ ಆ ಹಿಟ್ಲರ್ ಮಂದಿ ಬೂಟು ಮನ್ಯಾಗ್ಯಾಕ ಅಂತೀನಿ, ನಮ್ಮವ್ವ ಆಗಿದ್ರ ತಿಪ್ಪಿಗಿ ಒಗೀತಿದ್ಳು.

ಲಾಟೀನ್_ಕಾಕಾ (ಬೀದರ):
ನಮ್ಮ ಮನ್ಯಾಗೂ ಅದೇ ಮಾತು, ಅದಕ್ಕೇ ಅಟ್ಟದ ಮ್ಯಾಲ ಇಟ್ಟೀನಿ. ಅಡಿ ಬದ್ಲಿ ಆಗಿರ್ಬಹುದು, ಖರೇ. ಹಂಗಾರ ಎತ್ತರ ಅಳಿಬೇಕು. 1939ರ ಕೊನಿಗಿ ತೊಗಲು ಉಳಸ್ಲಾಕ ಸಿಪಾಯಿಗೋಳ ಬೂಟು ಗಿಡ್ಡ ಮಾಡಿದ್ರು, ಆಫೀಸರಂದು ಬ್ಯಾರೆ. ಬರಬರ್ತಾ ಅದೂ ಹೋಗಿ ಲೇಸಿನ ಗಿಡ್ಡ ಬೂಟೇ ಕೊಡ್ಲತ್ತಿದ್ರು. ಉದ್ದ ಬೂಟಿಂದು ಅಗಲ ಕೊಳವಿ ಅಲ್ಲಾ, ಅದಕ್ಕ ಆ ಸಿಪಾಯಿಗೋಳೇ ಕ್ನೋಬೆಲ್‌ಬೆಖರ್ ಅಂತಿದ್ರು, ದಾಳ ಕುಲುಕೋ ಡಬ್ಬಿ ಅಂತ. ಸೈಜೂ ನೋಡು, 28 5 ಹಿಂಗ ಎರಡು ನಂಬರ್ ಇರ್ತಾವ, ಮೊದ್ಲಿಂದು ಸೆಂಟಿಮೀಟರ್‌ದಾಗ ಉದ್ದ, ಎರಡನೇದು ಅಗಲ. ಮತ್ತ ಯಾವ ಬೂಟೇ ತಗೋ, ಕುಸುಬಿ ಎಣ್ಣಿ ಮಾತ್ರ ಹಚ್ಚಬ್ಯಾಡ. ನಾ ಹಚ್ಚಿ ಒಂದ್ ಜೋಡಿ ಅಂಟಂಟು ಮಾಡ್ಕೊಂಡೀನಿ, ಬ್ಯಾಸಗಿ ಧೂಳೆಲ್ಲಾ ಅದರ ಮ್ಯಾಲೇ ಕುಂತದ.

ತೊಗರಿ_ಹುಡುಗ (ಕಲಬುರಗಿ):
ಕಾಕಾ, ಐತವಾರ ಹೋಗಿ ನೋಡ್ದೆ. ಟೇಲರ್ ಟೇಪ್ ಒಯ್ದಿದ್ದೆ, ಅದನ್ನ ತಗ್ಯೋ ಪಾಳಿನೇ ಬರ್ಲಿಲ್ಲ. ಎಳಿಯೋ ಪಟ್ಟಿ ತಿರುವಿದ್ರ ಒಳಗ ಒಂದೇ ನಂಬರ್, 9. ನಮ್ಮ ಚಪ್ಲಿ ಅಂಗಡಿ 9. ಏನ್ರಿ ಇದು ಅಂದ್ರ ಆ ಪುಣ್ಯಾತ್ಮ ಸ್ವಲ್ಪೊತ್ತು ಸುಮ್ನ ಕುಂತು, ನಿಮ್ ಕಾಲು ಎಷ್ಟ್ ನಂಬರ್ ಅಂತ ಕೇಳ್ದ, 9 ಇದ್ರ 3 ಸಾವಿರಕ್ಕ ಒಯ್ರಿ, ಮಳಿಗಾಲದಾಗ ಹೊಲಕ್ಕ ಛಲೋ ಆಗ್ತದ ಅಂದ.