75 ವರ್ಷದ ಕಾಗದ ಎಲ್ಲಿಂದ ತರೋದು?

ಗದ್ದೆಮನೆ ಸೊಸೆ:
ನಮ್ಮದು ಶಿರಸಿ ತಾಲೂಕು, ಕಾಡಿನಂಚಿನ ಊರು. ಮಾವ 1968ರಲ್ಲಿ ಕುರುಚಲು ಕಡಿದು ಒಂದೂಕಾಲು ಎಕರೆ ಗದ್ದೆ ಮಾಡಿದರು. ಆಮೇಲೆ ನಾಟಿಗೆ ಆಳು ಸಿಗಲಿಲ್ಲ, ಅಡಿಕೆಗೆ ದರ ಬಂತು. ಈಗ ಮುಕ್ಕಾಲು ಭಾಗ ಅಡಿಕೆ. ಪಹಣಿಯಲ್ಲಿ ಮಾತ್ರ ಇನ್ನೂ 'ಅರಣ್ಯ'. ಬೆಳೆಸಾಲ ಕೇಳಿದರೆ ಪಹಣಿ ತನ್ನಿ ಅಂತಾರೆ. ಅರಣ್ಯ ಹಕ್ಕು ಅರ್ಜಿ ಕೊಟ್ಟಿದ್ದೆವು. 75 ವರ್ಷದ ದಾಖಲೆ ಇಲ್ಲ ಅಂತ ತಿರಸ್ಕಾರ ಆಗಿದೆ. 1968ರಿಂದ ಎಣಿಸಿದರೆ 75 ಆಗುವುದೇ ಇಲ್ಲ ಅಲ್ವಾ? ರಾತ್ರಿ ನಿದ್ದೆ ಬರ್ತಿಲ್ಲ.

ಯಲ್ಲಾಪುರದವ:
ಅಕ್ಕಾ, ಎಣಿಸೋದು ಹಾಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕೇಳೋದು, ಪರಿಶಿಷ್ಟ ಪಂಗಡದವರಲ್ಲದ ಕುಟುಂಬ 13-12-2005ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲಿ ಬದುಕಿತ್ತಾ ಅಂತ. ಅದೇ ತುಂಡು ಜಮೀನನ್ನು 75 ವರ್ಷ ಉತ್ತಿರಬೇಕು ಅಂತಲ್ಲ. ಜಮೀನು 13-12-2005ಕ್ಕೆ ನಿಮ್ಮ ಸಾಗುವಳಿಯಲ್ಲಿ ಇದ್ದರೆ ಸಾಕು. ನಮ್ಮ ಸಿದ್ದಿ ಕೇರಿಯವರಿಗೆ ಈ 75ರ ಷರತ್ತೇ ಇಲ್ಲ, ಅವರು 2003ರಿಂದ ಪರಿಶಿಷ್ಟ ಪಂಗಡ. ಮಾವನ ಅಪ್ಪ, ಅಜ್ಜ ಅದೇ ಊರಲ್ಲಿ ಇದ್ದರಾ?

ಸಿದ್ದಾಪುರದ ಮಾಸ್ತರು:
ತಂಗಿ, ಕಾಗದ ಒಂದೇ ಪುರಾವೆ ಅಲ್ಲ. ಹಳೇ ಬಾವಿ, ಗದ್ದೆಯ ಬದು, ಸುಡುಗಾಡು, ದೇವರ ಬನ, ವಂಶಾವಳಿ, ಊರ ಹಿರಿಯರ ಬರಹದ ಹೇಳಿಕೆ, ಇವೆಲ್ಲ ನಿಯಮದಲ್ಲೇ ಇವೆ. ಒಂದಕ್ಕಿಂತ ಹೆಚ್ಚು ಕೊಡಿ. ತಿರಸ್ಕಾರದ ಕಾರಣ ಬರಹದಲ್ಲಿ ಕೇಳಿ ಪಡೆಯಿರಿ. ತಿಳಿದ 60 ದಿನದೊಳಗೆ, ತಿರಸ್ಕರಿಸಿದ ಸಮಿತಿಗಿಂತ ಮೇಲಿನ ಸಮಿತಿಗೆ ಹೋಗಬಹುದು, ತಡ ಮಾಡಬೇಡಿ. ಇನ್ನೊಂದು ಮಾತು, ಅದು ಯಾರದ್ದಾದರೂ ಸೊಪ್ಪಿನ ಬೆಟ್ಟ ಅಲ್ಲ ತಾನೆ? ಬೆಟ್ಟದಲ್ಲಿ ತೋಟದವರಿಗೆ ಸೊಪ್ಪು, ದರಕಿನ (ಒಣಗಿ ಬಿದ್ದ ಎಲೆ) ಹಕ್ಕು ಮಾತ್ರ, ಭೂಮಿ ಸರ್ಕಾರದ್ದೇ. ಅಲ್ಲಿ ನೆರೆಯವರ ತಕರಾರೂ ಬರುತ್ತದೆ. ಮೊದಲು ನಕ್ಷೆ ನೋಡಿ.

ಗದ್ದೆಮನೆ ಸೊಸೆ:
ಬೆಟ್ಟ ಅಲ್ಲ ಮಾಸ್ತರೇ, ನಕ್ಷೆ ನೋಡಿದ್ದೇವೆ. ಮಾವನ ಅಜ್ಜ ಇದೇ ಊರಲ್ಲಿ ಗೇಣಿಗೆ ದುಡಿದವರು. ಅವರನ್ನು ಹೂತ ಜಾಗದಲ್ಲಿ ಕಲ್ಲು ನೆಟ್ಟಿದ್ದಾರೆ, ಈಗಲೂ ದೀಪಾವಳಿಗೆ ಅಲ್ಲಿ ಹಣತೆ ಇಡುತ್ತೇವೆ. ಅದು ಪುರಾವೆ ಅಂತ ನನಗೆ ಹೊಳೆದೇ ಇರಲಿಲ್ಲ. ಮೇಲಿನ ಕೇರಿಯ ಅಜ್ಜಿಗೆ 88, ನೆನಪು ಚೆನ್ನಾಗಿದೆ. ನಾಳೆಯೇ ಅವರ ಹೇಳಿಕೆ ಬರೆಸುತ್ತೇನೆ. ಹಕ್ಕುಪತ್ರ ಬಂದರೆ ಗಂಡನ ಹೆಸರಲ್ಲಿ ಮಾತ್ರವಾ?

ಯಲ್ಲಾಪುರದವ:
ಅಲ್ಲ ಅಕ್ಕಾ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ. ಮಕ್ಕಳಿಗೆ ಬರುತ್ತದೆ, ಮಾರೋಕೆ ಮಾತ್ರ ಆಗಲ್ಲ.

ಗದ್ದೆಮನೆ ಸೊಸೆ:
ಮಾರೋದು ಯಾರಿಗೆ ಬೇಕು. ಕಲ್ಲಿನ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ, ಹೀಗಿದ್ದರೆ ಸಾಕಾ ನೋಡಿ ಹೇಳಿ.