ಅಪ್‌ಡೇಟ್: ರಾತ್ರಿ ಜಿಮ್ ಮುಗಿಸಿ ಬಂದ ಮೇಲಿನ ಊಟ

ರಾತ್ರಿ ಒಂಬತ್ತೂವರೆಗೆ ಜಿಮ್‌ನಿಂದ ಬಂದು ಹನ್ನೊಂದಕ್ಕೆ ಮಲಗುವವನು ಉಣ್ಣಬೇಕೋ ಬೇಡವೋ ಎಂದು ಕೇಳಿದ್ದೆ. ಊಟವನ್ನು ಎರಡಾಗಿ ಹಂಚಿಕೊಳ್ಳಿ ಎಂಬ ಸಲಹೆಯೇ ನನಗೆ ಒಗ್ಗಿತು. ಈಗ ಸಂಜೆ ಆರೂವರೆಗೆ ಕಚೇರಿಯಲ್ಲೇ ಚಪಾತಿ, ಪಲ್ಯ. ಜಿಮ್ ಮುಗಿದ ಮೇಲೆ ಬೇಯಿಸಿದ ಎರಡು ಮೊಟ್ಟೆ, ಒಂದು ಬಟ್ಟಲು ಮೊಸರನ್ನ. ಮೊಟ್ಟೆಗಳಿಂದಲೇ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತದೆ. ಒಗ್ಗರಣೆಗೆ ಎಣ್ಣೆ ಹೆಸರಿಗಷ್ಟೇ, ಏಕೆಂದರೆ ಜಿಡ್ಡಿನ ಪದಾರ್ಥ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮಲಗಿದೊಡನೆ ಗಂಟಲಿಗೆ ಬರುತ್ತಿದ್ದ ಹುಳಿತೇಗು ನಿಂತಿದೆ. ನಡುರಾತ್ರಿ ಹಸಿದು ಎದ್ದು ಚಕ್ಕುಲಿ ಡಬ್ಬಿಗೆ ಕೈ ಹಾಕುವುದೂ ತಪ್ಪಿದೆ. ಬರಿಯ ಪ್ರೋಟೀನ್ ಪುಡಿ ಕುಡಿದು ಮಲಗಿ ಎಂದವರು ಕ್ಷಮಿಸಬೇಕು, ಅನ್ನದ ಅಗುಳು ಕಾಣದೆ ನನಗೆ ಊಟವಾದಂತೆಯೇ ಅನಿಸುವುದಿಲ್ಲ. ಭಾನುವಾರದ ಬಾಡೂಟ ಮಾತ್ರ ಮಧ್ಯಾಹ್ನಕ್ಕೆ ವರ್ಗವಾಗಿದೆ. ಅಮ್ಮನ ಮುನಿಸು ಇನ್ನೂ ಇಳಿದಿಲ್ಲ.