ಪಶ್ಚಿಮದ ಕಿಟಕಿಗೆ ಜೀಬ್ರಾ ಬ್ಲೈಂಡ್ ಮತ್ತು ಪರದೆ: ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿವೆ, ಬೆಳಕೂ ನಿಲ್ಲುತ್ತಿಲ್ಲ

ರಾತ್ರಿಪಾಳಿ:
ಬೆಂಗಳೂರಿನ ಅಪಾರ್ಟ್‌ಮೆಂಟ್, ಮಲಗುವ ಕೋಣೆ, ಕಿಟಕಿ ಪಶ್ಚಿಮಕ್ಕೆ. ರಾತ್ರಿ ಪಾಳಿ ಕೆಲಸ ಆದ್ದರಿಂದ ಮಧ್ಯಾಹ್ನ ಕತ್ತಲೆ ಬೇಕು. ಜೀಬ್ರಾ ಬ್ಲೈಂಡ್ (ಅಡ್ಡಕ್ಕೆ ತೆಳು ಪಟ್ಟಿ, ದಪ್ಪ ಪಟ್ಟಿ ಒಂದಾದ ಮೇಲೊಂದು ಇರುವಂಥದ್ದು) ಹಾಕಿಸಿ, ಅದರ ಮುಂದೆ ರಿಂಗ್ ಇರುವ ಪರದೆ ಹಾಕಿದ್ದೇನೆ. ತೊಂದರೆಗಳು:

1. ಪರದೆ ಎಳೆದಾಗ ಬ್ಲೈಂಡಿನ ಮೇಲಿನ ಪೆಟ್ಟಿಗೆಗೂ ಸರಪಳಿಗೂ ಸಿಕ್ಕಿಕೊಳ್ಳುತ್ತದೆ.
2. ಎರಡನ್ನೂ ಮುಚ್ಚಿದರೂ ಪಕ್ಕದಿಂದ, ಕೆಳಗಿನಿಂದ, ಬ್ಲೈಂಡಿನ ಪಟ್ಟಿಗಳ ನಡುವಿನಿಂದ ಬೆಳಕು ಬರುತ್ತದೆ.
3. ಕಿಟಕಿ ತೆರೆದಿಟ್ಟರೆ ಬ್ಲೈಂಡಿನ ಕೆಳಪಟ್ಟಿ ಗೋಡೆಗೆ ಟಕಟಕ ಬಡಿಯುತ್ತದೆ.
4. ಸಂಜೆ ಐದರ ಹೊತ್ತಿಗೆ ಕೋಣೆ ಕುಲುಮೆ.

ಅಳತೆ: ಕಿಟಕಿ 6 ಅಡಿ ಅಗಲ, 4.5 ಅಡಿ ಎತ್ತರ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟು, ಮೂರು ಟ್ರ್ಯಾಕ್, ಸೊಳ್ಳೆ ಜಾಲರಿಯೂ ಸರಿಸುವಂಥದ್ದು. ಚೌಕಟ್ಟಿನಿಂದ ಒಳಗೋಡೆಯ ಮುಖದವರೆಗೆ 7 ಸೆಂ.ಮೀ. ಗೂಡು ಇದೆ. ಬ್ಲೈಂಡ್ ಗೂಡಿನ ಹೊರಗೆ, ಗೋಡೆಯ ಮೇಲೆ. ಅದರ ಪೆಟ್ಟಿಗೆ 9 ಸೆಂ.ಮೀ. ಮುಂದಕ್ಕೆ ಬಂದಿದೆ. ಪರದೆಯ ರಾಡ್ ಗೋಡೆಯಿಂದ 8.5 ಸೆಂ.ಮೀ., ಉದ್ದ 7 ಅಡಿ. ಪರದೆ ರೆಡಿಮೇಡ್, 4×5 ಅಡಿಯ ಎರಡು.

ಅಳತೆಪಟ್ಟಿ:
ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು, ಮೊದಲ ತೊಂದರೆಗೆ ಉತ್ತರ ಅದರಲ್ಲೇ ಇದೆ. ಪೆಟ್ಟಿಗೆ 9 ಸೆಂ.ಮೀ., ರಾಡ್ 8.5 ಸೆಂ.ಮೀ. ಅಂದರೆ ರಾಡಿಗಿಂತ ಬ್ಲೈಂಡೇ ಮುಂದಿದೆ. ಸಾಲದ್ದಕ್ಕೆ ರಿಂಗ್ ಪರದೆಯ ಅಲೆ ರಾಡಿನ ಹಿಂದಕ್ಕೂ 5–6 ಸೆಂ.ಮೀ. ಹೋಗುತ್ತದೆ. ಅಷ್ಟು ಜಾಗ ಇಲ್ಲದಿದ್ದರೆ ಪರದೆ ಏನನ್ನಾದರೂ ಉಜ್ಜಲೇಬೇಕು.

ಎರಡು ಮರೆಗಳನ್ನು ಸೇರಿಸುವಾಗ ಬಣ್ಣಕ್ಕಿಂತ ಮೊದಲು ಈ ಆಳ ಕೂಡಿಸಬೇಕು: ಹಿಂದಿನದು ಎಷ್ಟು ಮುಂದೆ ಬರುತ್ತದೆಯೋ ಅದಕ್ಕೆ 6 ಸೆಂ.ಮೀ. ಸೇರಿಸಿ, ಅಲ್ಲಿ ರಾಡಿನ ನಡುಗೆರೆ ಬರಬೇಕು. ನಿಮ್ಮ ಲೆಕ್ಕದಲ್ಲಿ 15 ಸೆಂ.ಮೀ.

ಹೊಲಿಗೆಮನೆ:
ಹಾಗಿದ್ದರೆ ಸುಲಭದ ದಾರಿ ಡಬಲ್ ಬ್ರಾಕೆಟ್, ಹಿಂದೊಂದು ಮುಂದೊಂದು ರಾಡ್ ಹಿಡಿಯುವಂಥದ್ದು. ಅದರ ಮುಂದಿನ ರಾಡ್ ಸಾಮಾನ್ಯವಾಗಿ 15 ಸೆಂ.ಮೀ. ಆಸುಪಾಸಿಗೆ ಬರುತ್ತದೆ. ಹಿಂದಿನ ರಾಡ್ ಹಾಕಬೇಡಿ, ಮುಂದಿನದರಲ್ಲಿ ಮಾತ್ರ ಪರದೆ ಹಾಕಿ.

ಪರದೆಯೂ ಸಾಲದು. ನಾಲ್ಕು ಅಡಿ ಎಂದು ಮಾರುವ ಪರದೆ ಅಂಚು ಮಡಚಿದ ಮೇಲೆ ಸುಮಾರು 46 ಇಂಚು ಇರುತ್ತದೆ. ಎರಡು ಸೇರಿ 92 ಇಂಚು, ನಿಮ್ಮ ರಾಡ್ 84 ಇಂಚು. ಮುಚ್ಚಿದಾಗ ಬಟ್ಟೆ ನೆರಿಗೆಯೇ ಇಲ್ಲದೆ ಚಪ್ಪಟೆಯಾಗಿ ನಿಲ್ಲುತ್ತದೆ, ನಡುವೆ ಸಂದು ಬಿಡುತ್ತದೆ. ರಾಡಿನ ಉದ್ದದ ಎರಡು ಪಟ್ಟು ಬಟ್ಟೆ ಬೇಕು, ತೆಳು ಪರದೆಗಾದರೆ ಎರಡೂವರೆ ಪಟ್ಟಾದರೂ ಚೆನ್ನ.

ಅಳತೆಪಟ್ಟಿ:
ಬಟ್ಟೆಯ ಲೆಕ್ಕ ಪೂರ್ತಿ ಒಪ್ಪುತ್ತೇನೆ. ಡಬಲ್ ಬ್ರಾಕೆಟ್ ಮಾತ್ರ ಬೇಡ ಅನ್ನುತ್ತೇನೆ. ರಿಂಗ್ ಪರದೆ ರಾಡಿನ ತುದಿಯಲ್ಲಿ ಗೋಡೆಯ ಕಡೆಗೆ ತಿರುಗುವುದಿಲ್ಲ. ರಾಡ್ ಎಷ್ಟು ಮುಂದಿದೆಯೋ ಪಕ್ಕದಲ್ಲಿ ಅಷ್ಟು ಅಗಲದ ಬಾಗಿಲು ತೆರೆದಂತೆ. 15 ಸೆಂ.ಮೀ. ಸಂದಿನಿಂದ ಪಶ್ಚಿಮದ ಬಿಸಿಲು ಗೋಡೆ ಹಿಡಿದು ನೇರ ಹಾಸಿಗೆಗೆ ಬರುತ್ತದೆ. ಹಾಲ್ ಆಗಿದ್ದರೆ ಪರವಾಗಿಲ್ಲ. ಹಗಲು ಮಲಗುವವರ ಕೋಣೆಗೆ ಸಲ್ಲದು.

ನನ್ನ ಸಲಹೆ: ರಾಡ್ ಇದ್ದಲ್ಲೇ ಇರಲಿ, ಬ್ಲೈಂಡ್ ಗೂಡಿನೊಳಕ್ಕೆ ಹೋಗಲಿ. ಆದರೆ ಆ ಜೀಬ್ರಾ ಅಲ್ಲ. ಒಂದು, ಅದರ ಪೆಟ್ಟಿಗೆ 7 ಸೆಂ.ಮೀ. ಗೂಡಿಗೆ ಹಿಡಿಸುವುದಿಲ್ಲ. ಎರಡು, ಜೀಬ್ರಾ ಎಷ್ಟೇ ಮುಚ್ಚಿದರೂ ಪಟ್ಟಿ ಪಟ್ಟಿ ಸೇರುವಲ್ಲಿ ಗೆರೆ ಬೆಳಕು ಬಿಡುತ್ತದೆ, ಅದರ ರಚನೆಯೇ ಹಾಗೆ. ಅದನ್ನು ಹಾಲ್‌ಗೆ ಸಾಗಿಸಿ. ಬೆಳಕನ್ನು ಬೇಕಾದಷ್ಟು ಹದ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲಿಗೆ ಪೆಟ್ಟಿಗೆಯಿಲ್ಲದ, ಕೊಳವೆಗೆ ಸುತ್ತಿಕೊಳ್ಳುವ ಸಾದಾ ರೋಲರ್ ಬ್ಲೈಂಡ್, ಬೆಳಕು ದಾಟದ ಬ್ಲ್ಯಾಕ್‌ಔಟ್ ಬಟ್ಟೆ. 38 ಮಿ.ಮೀ. ಕೊಳವೆಗೆ ಅರ್ಧ ಮಿ.ಮೀ. ದಪ್ಪದ ಬಟ್ಟೆ ಒಂದೂವರೆ ಮೀಟರ್ ಸುತ್ತಿದರೆ ಉರುಳೆಯ ದಪ್ಪ ಸುಮಾರು 5 ಸೆಂ.ಮೀ. ಗೂಡಿನೊಳಗೆ ಆರಾಮವಾಗಿ ಕೂರುತ್ತದೆ. ಆಗ ಗೋಡೆಯ ಮುಖ ಖಾಲಿ, 8.5 ಸೆಂ.ಮೀ. ರಾಡ್ ಸಾಕಷ್ಟಾಯಿತು.

ಅಂಗಡಿಯಲ್ಲಿ "ರಿವರ್ಸ್ ರೋಲ್" ಎಂದು ಸ್ಪಷ್ಟವಾಗಿ ಹೇಳಿ. ಬಟ್ಟೆ ಉರುಳೆಯ ಹಿಂಬದಿಯಿಂದ ಇಳಿದರೆ ಜಾಲರಿಯ ಹಿಡಿಕೆಗೆ ತಾಗುತ್ತದೆ. ಮುಂಬದಿಯಿಂದ ಇಳಿದರೆ ಚೌಕಟ್ಟಿನಿಂದ ಸುಮಾರು 5 ಸೆಂ.ಮೀ. ದೂರ ಸಿಗುತ್ತದೆ. ಗಾಜಿಗೂ ಇದು ಕ್ಷೇಮ: ಬ್ಲೈಂಡ್ ಗಾಜಿಗೆ ಅಂಟಿದಂತಿದ್ದರೆ ನಡುವಿನ ಬಿಸಿ ಹೊರಹೋಗದೆ ಗಾಜಿನ ಒಂದು ಭಾಗ ಕಾದು ಇನ್ನೊಂದು ಭಾಗ ತಣ್ಣಗಿದ್ದು ಬಿರುಕು ಬಿಡುವ ಅಪಾಯ ಇದೆ. ರಿವರ್ಸ್ ರೋಲ್‌ನಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿ: ಬಟ್ಟೆಯ ಎರಡು ಮುಖ ಬೇರೆ ಬಣ್ಣವಾಗಿದ್ದರೆ ಕೊಳವೆಗೆ ಅಂಟಿಸುವಾಗಲೇ ತಿರುಗಿಸಿ ಅಂಟಿಸಬೇಕು. ಇಲ್ಲದಿದ್ದರೆ ಬಿಳಿ ಮುಖ ಕೋಣೆಗೆ, ಗಾಢ ಮುಖ ಬಿಸಿಲಿಗೆ ಬಂದು ಕೂರುತ್ತದೆ.

ರಾತ್ರಿಪಾಳಿ:
ಗೂಡಿನೊಳಗೆ ಹಾಕಿದರೆ ಪಕ್ಕದ ಸಂದು ಇನ್ನೂ ಜಾಸ್ತಿ ಆಗುವುದಿಲ್ಲವೇ? ಈಗ ಬ್ಲೈಂಡ್ ಗೋಡೆಯ ಮೇಲೆ ಎರಡೂ ಕಡೆ 3 ಇಂಚು ಹಾಸಿದೆ.

ಅಳತೆಪಟ್ಟಿ:
ಆಗುತ್ತದೆ, ಅದಕ್ಕೇ ಲೆಕ್ಕ ಮೊದಲೇ ಹಾಕಬೇಕು. ಗೂಡಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಮಿ.ಮೀ.ನಲ್ಲಿ ಅಳೆಯಿರಿ. ಗಾರೆ ಎಲ್ಲೂ ಒಂದೇ ಸಮ ಇರುವುದಿಲ್ಲ. 1828, 1822, 1825 ಬಂತು ಅಂದುಕೊಳ್ಳಿ. ಚಿಕ್ಕದು 1822, ಅದರಿಂದ 10 ಕಳೆದು 1812 ಬ್ಲೈಂಡಿನ ಒಟ್ಟು ಅಗಲ. ಬಟ್ಟೆ ಇದಕ್ಕಿಂತ ಇನ್ನೂ 3–3.5 ಸೆಂ.ಮೀ. ಕಡಿಮೆ ಇರುತ್ತದೆ, ಒಂದು ಕಡೆ ಸರಪಳಿಯ ಗಾಲಿ, ಇನ್ನೊಂದು ಕಡೆ ಪಿನ್ ಕೂರಬೇಕಲ್ಲ. ಕೊನೆಗೆ ಪ್ರತಿ ಪಕ್ಕಕ್ಕೆ ಎರಡು ಸೆಂ.ಮೀ.ಗಿಂತ ತುಸು ಹೆಚ್ಚು ಸಂದು.

ಇದಕ್ಕೆ ಅಲ್ಯೂಮಿನಿಯಂ ಎಲ್ ಪಟ್ಟಿ. 25 ಮಿ.ಮೀ. ಬದಿ ಗೂಡಿನ ಪಕ್ಕದ ಗೋಡೆಗೆ, 40 ಮಿ.ಮೀ. ಬದಿ ಕಿಟಕಿಯ ಅಡ್ಡಕ್ಕೆ ಚಾಚುವ ಹಾಗೆ, ಬಟ್ಟೆಯ ಹಿಂದೆ, ಅಂದರೆ ಗಾಜಿನ ಕಡೆ ಬರಲಿ. ಬ್ರಾಕೆಟ್‌ನ ಕೆಳಗಿನಿಂದ ಶುರುಮಾಡಿ ಕಿಟಕಿಯ ಕೆಳಗಿನ ಹಲಗೆಯವರೆಗೆ. ನ್ಯೂಟ್ರಲ್ ಸಿಲಿಕೋನ್‌ನಿಂದ ಅಂಟಿಸಿ, ಟೇಪ್ ಹಾಕಿ ಒಂದು ದಿನ ಬಿಡಿ. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗಾರೆಯಾದರೆ ಅಂಟಿಸುವ ಜಾಗವನ್ನು ಮೊದಲು ಉಜ್ಜಿ, ಧೂಳು ಒರೆಸಿ. ಇಲ್ಲವಾದರೆ ಪಟ್ಟಿ ಬಣ್ಣದ ಸಮೇತ ಎದ್ದು ಬರುತ್ತದೆ. ಸರಿಸುವ ಕಿಟಕಿ ಆದ್ದರಿಂದ ಪಟ್ಟಿ ಅಡ್ಡ ಬರುವುದಿಲ್ಲ, ಆದರೂ ಹಿಡಿಕೆ ಪಟ್ಟಿಗೆ ತಾಗದಂತೆ ಕಾಗದ ಹಿಡಿದು ನೋಡಿಕೊಂಡೇ ಅಂಟಿಸಿ. ಕೆಳಪಟ್ಟಿ ಬಡಿಯುವ ಶಬ್ದವೂ ತಗ್ಗುತ್ತದೆ, ಗೂಡಿನೊಳಗೆ ಗಾಳಿ ಅದನ್ನು ಅಷ್ಟಾಗಿ ಎತ್ತಲಾರದು.

ಮೂರು ಮೂರು ಅಡಿಯ ಎರಡು ಬ್ಲೈಂಡ್ ಮಾಡಿಸೋಣ ಎಂದು ಅಂಗಡಿಯವರು ಹೇಳಬಹುದು. ಬೇಡ. ನಡುವೆ 3–4 ಸೆಂ.ಮೀ. ಸಂದು ಹುಟ್ಟುತ್ತದೆ, ಅದನ್ನು ಮುಚ್ಚಲು ಉಪಾಯವಿಲ್ಲ.

ಹೊಲಿಗೆಮನೆ:
ಪಕ್ಕದ ವಿಷಯ ಒಪ್ಪಿದೆ. ಈಗ ಪರದೆ. ರಾಡ್ ಕಿಟಕಿಗಿಂತ ಎರಡೂ ಕಡೆ 8 ಇಂಚು ಚಾಚಲಿ, ಅಂದರೆ 88 ಇಂಚು. 46 ಇಂಚಿನ ನಾಲ್ಕು ಪರದೆ, ಒಟ್ಟು 184, ರಾಡಿನ ಉದ್ದದ ಎರಡರಷ್ಟಕ್ಕಿಂತ ತುಸು ಹೆಚ್ಚು. ಎರಡೆರಡನ್ನು ಜೋಡಿಸಿ ಹೊಲಿಸಿ, ಇಲ್ಲವಾದರೆ ಪ್ರತಿ ಜೋಡಿಯ ನಡುವೆ ಬೆಳಕಿನ ಗೆರೆ ಬೀಳುತ್ತದೆ. ಒಂದೊಂದು ಪರದೆಗೆ ರಿಂಗ್ ಸಮಸಂಖ್ಯೆಯಲ್ಲಿರಲಿ, 8 ಸರಿ. ಆಗ ಎರಡೂ ತುದಿ ಗೋಡೆಯತ್ತ ತಿರುಗುತ್ತವೆ. 7 ಅಥವಾ 9 ಇದ್ದರೆ ಒಂದು ತುದಿ ಕೋಣೆಯ ಕಡೆ ಮುಖಮಾಡಿ ನಿಲ್ಲುತ್ತದೆ.

ಕೊನೆಯ ರಿಂಗ್ ಬ್ರಾಕೆಟ್‌ಗೂ ರಾಡಿನ ತುದಿಗುಂಡಿಗೂ ನಡುವೆ ಸಿಕ್ಕಿಸಿ, ಪರದೆ ಎಳೆದಾಗ ಅಂಚು ಅಲ್ಲೇ ಉಳಿಯುತ್ತದೆ. ಆ ಅಂಚನ್ನು ಗೋಡೆಗೆ ಎರಡು ಕಡೆ ಚಿಕ್ಕ ಕೊಕ್ಕೆಗೆ ಸಿಕ್ಕಿಸಿದರೆ 8.5 ಸೆಂ.ಮೀ. ಪಕ್ಕದ ಸಂದೂ ಮುಚ್ಚಿತು. 88 ಇಂಚಿನ ರಾಡ್ ನಡುವೆ ಬ್ರಾಕೆಟ್ ಇಲ್ಲದೆ ಜೋಲುತ್ತದೆ, ಹಾಕಿಸಿ. ರಿಂಗ್ ಅದನ್ನು ದಾಟಲಾರದು, ಎರಡೂ ಪರದೆ ಅಲ್ಲಿ ಬಂದು ನಿಲ್ಲುತ್ತವೆ. ಸೇರುವ ಅಂಚಿಗೆ ಅಡಿಗೊಂದರಂತೆ ವೆಲ್ಕ್ರೊ ಚೂರು ಹೊಲಿಸಿ.

ಉದ್ದದ ಬಗ್ಗೆ: ಕಿಟಕಿ 4.5 ಅಡಿ, ಪರದೆ 5 ಅಡಿ. ರಾಡ್ ಅರ್ಧ ಅಡಿ ಮೇಲಿದ್ದರೆ ಪರದೆ ಕಿಟಕಿಯ ಅಂಚಿಗೇ ಮುಗಿಯಿತು, ಕೆಳಗಿನಿಂದ ಬೆಳಕು ಬರದೆ ಇನ್ನೇನು. ನೆಲದವರೆಗೆ ಇಳಿಬಿಡಿ. ಲಿಂಟಲ್ (ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ) 7 ಅಡಿಗೆ, ರಾಡ್ 7.5 ಅಡಿಗೆ ಎಂದರೆ ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಲು, ರಾಡಿಗಿಂತ ಮೇಲೆ ನಿಲ್ಲುವ ಅಂಚೂ ಸೇರಿ, 91 ಇಂಚು ಬೇಕು. ಏಳಡಿಯ ರೆಡಿಮೇಡ್ ತಂದರೆ ನೆಲದಿಂದ 7–8 ಇಂಚು ಮೇಲೆ ಗಿಡ್ಡವಾಗಿ ನಿಲ್ಲುತ್ತದೆ. ಒಂಬತ್ತು ಅಡಿಯದ್ದು ತಂದು ಕತ್ತರಿಸಿ. ಕೆಳಗೆ 4 ಇಂಚು ಮಡಿಕೆ ಬಿಡಿ, ಆ ಭಾರಕ್ಕೆ ನೆರಿಗೆ ನೆಟ್ಟಗೆ ಬೀಳುತ್ತದೆ. ಹತ್ತಿಯದಾದರೆ ಒಗೆದು ಒಣಗಿಸಿದ ಮೇಲೆಯೇ ಕತ್ತರಿ ಹಾಕಿ.

ಅಂದಕ್ಕೆ ಒಂದು ಮಾತು. ಬ್ಲೈಂಡ್ ಗೋಡೆಯ ಬಣ್ಣಕ್ಕೆ ಹತ್ತಿರದ ಬಿಳಿ ಅಥವಾ ಕೆನೆ ಬಣ್ಣದ್ದಿರಲಿ, ಮೇಲೆ ಸುತ್ತಿದಾಗ ಕಣ್ಣಿಗೇ ಬೀಳುವುದಿಲ್ಲ. ಬಣ್ಣ, ಹೂವು, ನೇಯ್ಗೆ ಏನಿದ್ದರೂ ಪರದೆಯಲ್ಲಿ. ಜೀಬ್ರಾದ ಅಡ್ಡ ಪಟ್ಟಿಯ ಮೇಲೆ ಹೂವಿನ ಪರದೆ ಬಂದರೆ ಎರಡೂ ಕೆಡುತ್ತವೆ.

ಡ್ರಿಲ್_ಬಿಟ್:
ಗೂಡಿನ ಮೇಲ್ಭಾಗಕ್ಕೆ ತೂತು ಹೊಡೆಯುವಾಗ ಎಚ್ಚರ. ಅದು ಲಿಂಟಲ್‌ನ ತಳ, ಮುಖ್ಯ ಕಬ್ಬಿಣದ ಸರಳುಗಳು ಇರುವುದೇ ಅಲ್ಲಿ. 6 ಮಿ.ಮೀ. ಬಿಟ್, 35 ಮಿ.ಮೀ. ಆಳ, ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಬಿಟ್ ಒಮ್ಮೆಲೆ ನಿಂತು ಬಿಳಿ ಪುಡಿ ಬರುವುದು ನಿಂತರೆ ಸರಳು ಸಿಕ್ಕಿತೆಂದೇ ಅರ್ಥ, ಒತ್ತಬೇಡಿ, ಒಂದು ಇಂಚು ಆಚೆಗೆ ಹೊಡೆಯಿರಿ. ಯುಪಿವಿಸಿ ಚೌಕಟ್ಟಿಗೆ ಸ್ಕ್ರೂ ಹಾಕುತ್ತೇನೆ ಎಂದು ಯಾರಾದರೂ ಬಂದರೆ ಬಿಡಬೇಡಿ. ಒಳಗೆ ಮಳೆನೀರು ಹರಿದುಹೋಗುವ ಖಾನೆಗಳಿರುತ್ತವೆ.

ರಾಡಿಗೆ 8 ಮಿ.ಮೀ. ಗಿಟ್ಟಿ (ತೂತಿನೊಳಗೆ ಸ್ಕ್ರೂ ಹಿಡಿಯುವ ಪ್ಲಗ್), 50 ಮಿ.ಮೀ. ಸ್ಕ್ರೂ. ನಾಲ್ಕು ಉದ್ದ ಪರದೆಯ ಭಾರ, ಮೇಲೆ ದಿನಾ ಎಳೆಯುವುದು. ಗಾರೆಯೇ 12 ಮಿ.ಮೀ. ತಿಂದುಬಿಡುತ್ತದೆ, ಗಿಟ್ಟಿ ಅದರಾಚೆ ಕಾಂಕ್ರೀಟಿಗೆ ಹೋಗಿರಬೇಕು. ಕಿಟಕಿಯ ಪಕ್ಕಕ್ಕೆ ಚಾಚುವ ತುದಿ ಬ್ರಾಕೆಟ್‌ಗಳು ಟೊಳ್ಳು ಬ್ಲಾಕಿನ ಮೇಲೆ ಬಂದರೆ ಗಿಟ್ಟಿ ತಿರುಗುತ್ತಲೇ ಇರುತ್ತದೆ. ಅಲ್ಲಿ ಉದ್ದ ಗಿಟ್ಟಿ ಹಾಕಿ, ಬ್ಲಾಕಿನ ಗಟ್ಟಿ ಭಾಗ ಸಿಗುವಂತೆ ಸ್ವಲ್ಪ ಸರಿಸಿ. ಹಗುರ ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಆದರೆ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಕೊರೆಯಿರಿ, ಇಲ್ಲದಿದ್ದರೆ ತೂತು ದೊಡ್ಡದಾಗಿ ಪುಡಿ ಉದುರುತ್ತದೆ.

ರಾತ್ರಿಪಾಳಿ:
ಬೆಳಕಿನ ದಾರಿ ಸ್ಪಷ್ಟವಾಯಿತು, ಎಲ್ಲರಿಗೂ ಧನ್ಯವಾದ. ಸೆಖೆಯ ಬಗ್ಗೆ? ಎರಡು ಅಡಿ ಸಜ್ಜ ಇದೆ, ಆದರೂ ಗಾಜು ಕಾಯುತ್ತದೆ.

ಅಳತೆಪಟ್ಟಿ:
ಪಶ್ಚಿಮಕ್ಕೆ ಸಜ್ಜದಿಂದ ಹೆಚ್ಚು ಉಪಯೋಗವಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ನಡುವೆ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ 29 ಡಿಗ್ರಿಯಷ್ಟು ಮೇಲಿರುತ್ತಾನೆ. ಆ ಕೋನಕ್ಕೆ ಎರಡಡಿ ಸಜ್ಜ ಕೊಡುವ ನೆರಳು ಒಂದಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದ ಮೂರಡಿಗೂ ಮೀರಿ ಗಾಜು ಬಿಸಿಲಲ್ಲೇ. ಆಮೇಲೆ ಆ ನೆರಳೂ ಕುಗ್ಗುತ್ತ ಹೋಗುತ್ತದೆ.

ಒಳಗೆ ಎಷ್ಟು ಪದರ ಹಾಕಿದರೂ ಬಿಸಿಲು ಗಾಜು ದಾಟಿ ಬಂದಾಗಿದೆ, ಬಟ್ಟೆ ಅದನ್ನು ಕುಡಿದು ಕೋಣೆಗೇ ಬಿಡುತ್ತದೆ. ಬಿಳಿ ಮುಖ ಗಾಜಿನ ಕಡೆ ಇದ್ದರೆ ಒಂದು ಪಾಲು ವಾಪಸ್ ಹೋಗುತ್ತದೆ, ಅದಕ್ಕೇ ಮೇಲೆ ಒತ್ತಿ ಹೇಳಿದ್ದು. ನಿಜವಾದ ತಡೆ ಗಾಜಿನ ಹೊರಗೇ ಆಗಬೇಕು: ಸಜ್ಜದ ತಳಕ್ಕೆ ಕೊಕ್ಕೆ ಹಾಕಿ ಬಿದಿರಿನ ಚಿಕ್, ಅಥವಾ ಹೊರಗೆ ಗ್ರಿಲ್ ಇದ್ದರೆ ನರ್ಸರಿಗೆ ಕಟ್ಟುವ 75% ನೆರಳುಬಲೆ. ಗಾಳಿಗೆ ಹಾರದಂತೆ ಕೆಳಗೂ ಕಟ್ಟಿ. ಕೊಕ್ಕೆಯ ತೂತು ಸಜ್ಜದ ಮೇಲ್ಭಾಗಕ್ಕೆ ಖಂಡಿತ ಬೇಡ, ಮಳೆನೀರು ಇಳಿಯುತ್ತದೆ. ಹೊರಗಿನ ನೋಟ ಬದಲಾಗುವುದರಿಂದ ಅಸೋಸಿಯೇಷನ್ ಒಪ್ಪಿಗೆ ಮೊದಲು ಕೇಳಿ.

ಗಾಳಿ ಬೇಕಾದ ದಿನ ರೋಲರನ್ನು ಹಲಗೆಗೆ ತಾಗಿಸದೆ 4 ಇಂಚು ಮೇಲೆ ನಿಲ್ಲಿಸಿ. ಪರದೆ ನೆಲದವರೆಗೆ ಇರುವುದರಿಂದ ನೇರ ಬೆಳಕು ಕಾಣದು, ಗಾಳಿ ಕೆಳಗಿನಿಂದ ನುಸುಳುತ್ತದೆ.

ಕರಾವಳಿ:
ಇದನ್ನು ಓದಿ ಮಂಗಳೂರು, ಉಡುಪಿ ಕಡೆಯವರು ಹಾಗೇ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದಿರಿನ ಚಿಕ್ ಹೊರಗಿದ್ದರೆ ಬೂಸು ಹಿಡಿಯುತ್ತದೆ, ಬಿಚ್ಚಿ ಒಳಗಿಡಬೇಕು. ರೋಲರ್ ಬಟ್ಟೆ ಒದ್ದೆಯಾದಾಗ ಸುತ್ತಿಟ್ಟರೆ ಕಪ್ಪು ಚುಕ್ಕೆ ಬಂದು ಹೋಗುವುದೇ ಇಲ್ಲ. ಒಣಗುವ ತನಕ ಇಳಿಬಿಟ್ಟೇ ಇರಲಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್. ಪರದೆಯ ಬ್ಲ್ಯಾಕ್‌ಔಟ್ ಲೇಪವನ್ನು ಬಿಸಿನೀರಲ್ಲಿ ಒಗೆಯುವುದು, ಹಿಂಡುವುದು, ಲೇಪದ ಮೇಲೆ ಇಸ್ತ್ರಿ ಇಡುವುದು ಮೂರೂ ಕೂಡದು. ಲೇಪ ಅಂಟಾಗಿ ಸುಲಿಯುತ್ತದೆ.

ಹಳೆಮನೆ:
ನಮ್ಮ ಮೈಸೂರು ಕಡೆಯ ಮರದ ಕಿಟಕಿಗಳಲ್ಲಿ ಜಾಲರಿಯ ಬಾಗಿಲು ಒಳಗೆ ತೆರೆಯುತ್ತದೆ. ಗೂಡಿನೊಳಗೆ ಬ್ಲೈಂಡ್ ಸಾಧ್ಯವೇ?

ಅಳತೆಪಟ್ಟಿ:
ಇಲ್ಲ, ಬಾಗಿಲು ತೆರೆದ ಕೂಡಲೇ ಬಡಿಯುತ್ತದೆ. ಅಂಥ ಕಿಟಕಿಗೆ ಜಾಲರಿಯ ಬಾಗಿಲಿಗೇ ಮೇಲೊಂದು ಕೆಳಗೊಂದು ಸ್ಪ್ರಿಂಗ್ ವೈರ್ ಕಟ್ಟಿ ತೆಳು ಪರದೆ ಬಿಗಿದು ಬಿಡಿ, ಬಾಗಿಲ ಜೊತೆ ಅದೂ ತಿರುಗುತ್ತದೆ. ವೈರ್ ಬೇಕಾದ ಉದ್ದಕ್ಕಿಂತ ಒಂದೆರಡು ಇಂಚು ಗಿಡ್ಡ ಕತ್ತರಿಸಿ, ಇಲ್ಲದಿದ್ದರೆ ಜೋಲುತ್ತದೆ. ದಪ್ಪ ಪರದೆ ಗೋಡೆಯ ರಾಡಿಗೆ. ಬಾಗಿಲು ತೆರೆದಾಗ ತಾಗದಷ್ಟು ಪಕ್ಕಕ್ಕೆ ಪರದೆ ಸರಿಯಬೇಕು, ಅದಕ್ಕೆ ರಾಡ್ ಎರಡೂ ಕಡೆ ಒಂದಡಿಯಾದರೂ ಹೆಚ್ಚು ಇರಲಿ.

ರಾತ್ರಿಪಾಳಿ:
ಅಂಗಡಿಗೆ ಕೊಡಲು ಬರೆದದ್ದು: "ರೋಲರ್, ಬ್ಲ್ಯಾಕ್‌ಔಟ್, ಬಿಳಿ ಮುಖ ಗಾಜಿನ ಕಡೆ, ರಿವರ್ಸ್ ರೋಲ್, ಗೂಡಿನೊಳಗೆ, ಅಗಲ 1812, ಎತ್ತರ 1372, ಸರಪಳಿ ಬಲಕ್ಕೆ." ಸರಿಯಿದೆಯೇ?

ಅಳತೆಪಟ್ಟಿ:
1812 ನನ್ನ ಉದಾಹರಣೆಯ ಸಂಖ್ಯೆ, ಅದನ್ನು ಹಾಗೇ ಕೊಡಬೇಡಿ, ನಿಮ್ಮ ಗೂಡು ಅಳೆದು ನೋಡಿ. ಎತ್ತರವನ್ನೂ ಮೂರು ಕಡೆ ಅಳೆಯಿರಿ. ಇನ್ನೊಂದು, "ಗೂಡಿನೊಳಗೆ" ಎಂದು ಬರೆದರೆ ಅಂಗಡಿಯವರು ತಾವೇ 10 ಮಿ.ಮೀ. ಕಳೆಯುತ್ತಾರೆ. ನೀವೂ ಕಳೆದು ಕೊಟ್ಟಿದ್ದರೆ ಎರಡು ಸಲ ಕಳೆದಂತಾಗಿ ಪ್ರತಿ ಪಕ್ಕಕ್ಕೆ ಇನ್ನೂ 5 ಮಿ.ಮೀ. ಸಂದು ಸೇರುತ್ತದೆ. "ಇದು ಗೂಡಿನ ಅಳತೆ" ಅಥವಾ "ಇದು ಬ್ಲೈಂಡಿನ ಒಟ್ಟು ಅಗಲ, ಕಳೆಯಬೇಡಿ" ಎಂದು ಎರಡರಲ್ಲಿ ಒಂದನ್ನು ಬರೆಸಿ ಸಹಿ ಪಡೆಯಿರಿ. ಮನೆಗೆ ಚಿಕ್ಕ ಮಕ್ಕಳು ಬರುವುದಿದ್ದರೆ ಸರಪಳಿಯ ಕೆಳತುದಿ ನೆಲದಿಂದ 5 ಅಡಿ ಮೇಲಿರಲಿ; ಅದು ಜೋತಾಡದಂತೆ ಗೋಡೆಗೆ ಹಿಡಿಸುವ ಕ್ಲಿಪ್ ಕೇಳಿ ತೆಗೆದುಕೊಳ್ಳಿ.